ಮೀನಿಗೆ ಹುಷಾರಿಲ್ಲ ಅಂದರೆ ಮೊದಲು ನೀರನ್ನು ನೋಡಿ

ಎಂಟು ವರ್ಷದ ಹಿಂದೆ ನನ್ನ ಎರಡು ಗೋಲ್ಡ್‌ಫಿಶ್ ಸತ್ತದ್ದು ನನ್ನ ಚೊಕ್ಕಟತನದಿಂದ. ಒಂದು ಭಾನುವಾರ ತೊಟ್ಟಿಯನ್ನು ಪೂರ್ತಿ ಖಾಲಿ ಮಾಡಿದೆ. ಕಲ್ಲುಗಳನ್ನು ತಿಕ್ಕಿ ತೊಳೆದೆ, ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿದು ಕೊಳೆಯೆಲ್ಲ ಹೋಗುವವರೆಗೆ ಹಿಂಡಿದೆ, ಹೊಸ ನೀರು ತುಂಬಿದೆ. ಬುಧವಾರದ ಹೊತ್ತಿಗೆ ಎರಡೂ ಮೀನು ನೀರಿನ ಮೇಲ್ಮೈಗೆ ಬಾಯಿ ಹಚ್ಚಿಕೊಂಡು ಏದುಸಿರು ಬಿಡುತ್ತಿದ್ದವು. ಅಂಗಡಿಗೆ ಓಡಿದೆ. ನೀಲಿ ಔಷಧದ ಸಣ್ಣ ಶೀಶೆ ಸಿಕ್ಕಿತು, ಹೇಳಿದಷ್ಟು ಹನಿ ಹಾಕಿದೆ. ಶುಕ್ರವಾರ ಒಂದು ಹೋಯಿತು, ಶನಿವಾರ ಇನ್ನೊಂದು.

ಆ ವಾರ ತೊಟ್ಟಿಯೊಳಗೆ ಏನು ನಡೆಯಿತೆಂದು ಅರ್ಥವಾಗಲು ನನಗೆ ಒಂದು ವರ್ಷ ಹಿಡಿಯಿತು. ಅವಕ್ಕೆ ಯಾವ ರೋಗಾಣುವೂ ತಗಲಿರಲಿಲ್ಲ. ಕೆಟ್ಟದ್ದು ನೀರು. ಅದನ್ನು ಸರಿ ಮಾಡುವ ಬದಲು ನಾನು ಅದಕ್ಕೆ ಇನ್ನೊಂದು ರಾಸಾಯನಿಕ ಸೇರಿಸಿದ್ದೆ. ಮನೆಯ ಅಕ್ವೇರಿಯಂನಲ್ಲಿ ಮೀನು ಮಂಕಾದಾಗ ಬಹಳಷ್ಟು ಸಲ ಆಗುವುದು ಇದೇ. ಹಾಗಾಗಿ ಔಷಧದ ಮಾತಿಗೆ ಮುಂಚೆ ನೀರಿನ ಮಾತು.

ಕಾಣದ ವಿಷ

ಮೀನು ತಾನಿರುವ ನೀರಿನಲ್ಲೇ ಉಸಿರಾಡುತ್ತದೆ, ಅದರಲ್ಲೇ ವಿಸರ್ಜಿಸುತ್ತದೆ. ತಿಂದ ಪ್ರೋಟೀನು ಜೀರ್ಣವಾದ ಮೇಲೆ ಉಳಿಯುವ ಅಮೋನಿಯಾ ಅದರ ಮೈಯಿಂದ ಹೊರಗೆ ಹೋಗುವುದು ಹೆಚ್ಚಾಗಿ ಕಿವಿರಿನ ಮೂಲಕ. ಕೆರೆಯಲ್ಲಾದರೆ ಅದು ಎಲ್ಲೋ ಕರಗಿ ಹೋಗುತ್ತದೆ. ಎರಡು ಅಡಿಯ ತೊಟ್ಟಿಯಲ್ಲಿ ಅದಕ್ಕೆ ಹೋಗಲು ಜಾಗವಿಲ್ಲ. ಅಲ್ಲಿ ಮೀನನ್ನು ಉಳಿಸುವುದು ಬ್ಯಾಕ್ಟೀರಿಯಾ. ನೈಟ್ರೊಸೊಮೊನಾಸ್‌ನಂಥವು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ, ನೈಟ್ರೊಸ್ಪೈರಾ ಜಾತಿಯವು ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ಮೊದಲಿನ ಎರಡೂ ವಿಷ. ಮೂರನೆಯದನ್ನು ಮೀನು ಬಹುಮಟ್ಟಿಗೆ ತಡೆದುಕೊಳ್ಳುತ್ತದೆ, ವಾರಕ್ಕೊಮ್ಮೆ ಕಾಲು ಭಾಗ ನೀರು ತೆಗೆದು ಹೊಸದು ಹಾಕಿದರೆ ಅದೂ ಹಿಡಿತದಲ್ಲಿರುತ್ತದೆ.

ಈ ಬ್ಯಾಕ್ಟೀರಿಯಾ ನೀರಿನಲ್ಲಿ ತೇಲಾಡುವುದಕ್ಕಿಂತ ಹೆಚ್ಚಾಗಿ ಸ್ಪಂಜು, ಕಲ್ಲು, ಗಾಜಿನ ಮೇಲೆ ತೆಳು ಲೋಳೆಯಾಗಿ ಅಂಟಿಕೊಂಡಿರುತ್ತವೆ. ನಾನು ಕೊಳೆ ಅಂದುಕೊಂಡು ಹಿಂಡಿ ತೆಗೆದದ್ದು ಅವುಗಳನ್ನೇ. ಉಳಿದವನ್ನು ನಲ್ಲಿ ನೀರಿನ ಕ್ಲೋರಿನ್ ಮುಗಿಸಿತು. ಹೊಸ ತೊಟ್ಟಿಯಲ್ಲಿ ಇವು ಚೆನ್ನಾಗಿ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ತೊಟ್ಟಿ ತಂದ ದಿನವೇ ಹತ್ತು ಮೀನು ಬಿಟ್ಟವರಿಗೆ ಎರಡನೇ ವಾರದಲ್ಲಿ ಸಾಲುಸಾಲು ಸಾವು ಬರುವುದೂ ಇದೇ ಕಾರಣಕ್ಕೆ. ಅಂಗಡಿಯವರು ರೋಗದ ಮೀನು ಕೊಟ್ಟರು ಎಂದು ಬೈದುಕೊಳ್ಳುತ್ತೇವೆ, ಆದರೆ ಎಷ್ಟೋ ಸಲ ಮೀನು ಚೆನ್ನಾಗಿಯೇ ಇತ್ತು.

ಅಮೋನಿಯಾ ಕಿವಿರನ್ನು ಸುಡುತ್ತದೆ. ಕಿವಿರು ಕೆಂಪಗೆ ಊದಿಕೊಳ್ಳುತ್ತದೆ, ಮೀನು ಬೇಗಬೇಗ ಉಸಿರಾಡುತ್ತದೆ, ಈಜುರೆಕ್ಕೆಗಳನ್ನು ಮೈಗೆ ಮಡಚಿಕೊಂಡು ಮೂಲೆ ಸೇರುತ್ತದೆ. ನೈಟ್ರೈಟ್ ಮಾಡುವ ಕೆಡುಕು ಬೇರೆ. ಅದು ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೊಗ್ಲೋಬಿನ್ನನ್ನು ಬದಲಿಸಿ, ಆ ಕೆಲಸಕ್ಕೆ ಬಾರದಂತೆ ಮಾಡುತ್ತದೆ. ರಕ್ತ ಕಂದು ಬಣ್ಣಕ್ಕೆ ತಿರುಗುತ್ತದೆ. ನೀರಿನಲ್ಲಿ ಬೇಕಾದಷ್ಟು ಗಾಳಿ ಇದ್ದರೂ ಮೀನು ಉಸಿರು ಕಟ್ಟಿ ಸಾಯುತ್ತದೆ.

ಇಷ್ಟೆಲ್ಲ ಆಗುವಾಗಲೂ ನೀರು ತಿಳಿಯಾಗಿಯೇ ಕಾಣುತ್ತದೆ. ಕಣ್ಣು, ಮೂಗು ಎರಡೂ ಇಲ್ಲಿ ಸಾಲವು. ಹನಿ ಹಾಕಿ ಬಣ್ಣ ನೋಡುವ ಪರೀಕ್ಷಾ ಕಿಟ್ ಒಂದನ್ನು ಮೊದಲ ಮೀನಿಗಿಂತ ಮುಂಚೆ ಕೊಳ್ಳಿ ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ. ಅಮೋನಿಯಾ ಸೊನ್ನೆ ಇರಬೇಕು, ನೈಟ್ರೈಟೂ ಸೊನ್ನೆ ಇರಬೇಕು. ನೈಟ್ರೇಟ್ ಲೀಟರಿಗೆ 40 ಮಿಲಿಗ್ರಾಂ ದಾಟದಿದ್ದರೆ ಒಳ್ಳೆಯದು.

ನೀರು ಬದಲಾಯಿಸಿದ್ದಕ್ಕೇ ಸತ್ತವು

ಈ ಮಾತನ್ನು ಎಷ್ಟು ಜನರ ಬಾಯಲ್ಲಿ ಕೇಳಿದ್ದೇನೋ. ‘ಮೂರು ತಿಂಗಳು ಮುಟ್ಟದೆ ಬಿಟ್ಟಿದ್ದೆ, ಆರಾಮಾಗಿದ್ದವು. ನೀರು ಬದಲಾಯಿಸಿದ ಮಾರನೇ ದಿನ ಎಲ್ಲ ಹೋದವು.’ ಅವರು ಹೇಳುವುದು ನಿಜ. ಕಾರಣ ಮಾತ್ರ ಅವರು ಅಂದುಕೊಂಡದ್ದಲ್ಲ.

ಕಿಟ್ ತೋರಿಸುವ ಅಮೋನಿಯಾ ನೀರಿನಲ್ಲಿ ಎರಡು ರೂಪದಲ್ಲಿರುತ್ತದೆ. ಅಮೋನಿಯಂ ಎಂಬ ರೂಪ ಹೆಚ್ಚು ಅಪಾಯಕಾರಿಯಲ್ಲ. ಅಮೋನಿಯಾ ಎಂಬ ರೂಪ ಕಿವಿರಿನ ಪೊರೆಯನ್ನು ಸಲೀಸಾಗಿ ದಾಟಿ ಒಳಹೊಗುವ ವಿಷ. ಯಾವುದು ಎಷ್ಟು ಎಂಬುದನ್ನು ಮುಖ್ಯವಾಗಿ ನಿರ್ಧರಿಸುವುದು ನೀರಿನ ಪಿಹೆಚ್, ಅಂದರೆ ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಎಂಬುದರ ಅಳತೆ; 7ಕ್ಕಿಂತ ಇಳಿದಷ್ಟೂ ಹುಳಿ, ಏರಿದಷ್ಟೂ ಕ್ಷಾರ. 25 ಡಿಗ್ರಿ ಶಾಖದಲ್ಲಿ ಪಿಹೆಚ್ 7 ಇದ್ದರೆ ವಿಷರೂಪ ಸುಮಾರು ಶೇ. 0.6. ಅದೇ ಪಿಹೆಚ್ 8ಕ್ಕೆ ಏರಿದರೆ ಶೇ. 5 ದಾಟುತ್ತದೆ. ಒಂದೇ ಅಂಕಿ ಏರಿದ್ದಕ್ಕೆ ವಿಷ ಒಂಬತ್ತು ಹತ್ತು ಪಟ್ಟು.

ಈಗ ಆ ಮೂರು ತಿಂಗಳ ತೊಟ್ಟಿಗೆ ಬನ್ನಿ. ಬ್ಯಾಕ್ಟೀರಿಯಾ ಕೆಲಸ ಮಾಡುತ್ತಾ ಹೋದಂತೆ ನೀರು ನಿಧಾನವಾಗಿ ಹುಳಿಯಾಗುತ್ತದೆ, ಅದನ್ನು ತಡೆಯುವ ಕಾರ್ಬೊನೇಟ್ ಅಂಶ ಕರಗಿ ಮುಗಿಯುತ್ತದೆ, ಪಿಹೆಚ್ 6ರ ಹತ್ತಿರಕ್ಕೆ ಇಳಿಯುತ್ತದೆ. ಅಷ್ಟು ಹುಳಿಯಲ್ಲಿ ಬ್ಯಾಕ್ಟೀರಿಯಾವೂ ಸೋಲುತ್ತವೆ, ಅಮೋನಿಯಂ ಸೇರುತ್ತಾ ಹೋಗುತ್ತದೆ. ಅದು ಸೌಮ್ಯರೂಪ, ಇಳಿತವೂ ನಿಧಾನ, ಹಾಗಾಗಿ ಮೀನು ಹೇಗೋ ಒಗ್ಗಿಕೊಂಡಿರುತ್ತದೆ. ಒಂದು ದಿನ ನಾವು ಮುಕ್ಕಾಲು ತೊಟ್ಟಿ ಬೋರ್‌ವೆಲ್ ನೀರು ಸುರಿಯುತ್ತೇವೆ. ಗಡಸು ನೀರು, ಪಿಹೆಚ್ 8ರ ಆಸುಪಾಸು. ಉಳಿದ ಕಾಲು ಭಾಗದಲ್ಲಿದ್ದ ಅಮೋನಿಯಂನ ಒಂದಷ್ಟು ಪಾಲು ಕೂಡಲೇ ವಿಷರೂಪಕ್ಕೆ ತಿರುಗುತ್ತದೆ, ಜೊತೆಗೆ ಪಿಹೆಚ್ ಜಿಗಿತದ ಪೆಟ್ಟು. ಬೆಳಗಾಗುವಷ್ಟರಲ್ಲಿ ಮುಗಿದಿರುತ್ತದೆ. ಬಹಳ ದಿನ ಮುಟ್ಟದ ತೊಟ್ಟಿಯನ್ನು ಸರಿಪಡಿಸುವುದಾದರೆ ದಿನಕ್ಕೆ ಹತ್ತನೇ ಒಂದು ಭಾಗದಂತೆ, ಎರಡು ವಾರ ತಾಳ್ಮೆಯಿಂದ ಬದಲಾಯಿಸಿ.

ನಮ್ಮ ಊರುಗಳಲ್ಲಿ ಮನೆಗೆ ಬರುವ ನೀರು ಒಂದೇ ಬಗೆಯದಲ್ಲ. ಬೆಂಗಳೂರಿನಲ್ಲಿ ಒಂದು ದಿನ ಕಾವೇರಿ, ಮರುದಿನ ಟ್ಯಾಂಕರ್, ಅದಿಲ್ಲದಿದ್ದರೆ ಬೋರ್‌ವೆಲ್, ಮೂರೂ ಒಂದೇ ಸಂಪಿಗೆ ಬೀಳುತ್ತವೆ. ಕಾವೇರಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಅಗಲ ಬಾಯಿಯ ಬಕೆಟ್ಟಿನಲ್ಲಿ ಗಾಳಿಗುಳ್ಳೆ ಬಿಡುವ ಏರ್ ಸ್ಟೋನ್ ಹಾಕಿ ಒಂದು ದಿನ ಇಟ್ಟರೆ ಹೋಗುತ್ತದೆ. ಅವಸರವಿದ್ದರೆ ಸೋಡಿಯಂ ಥಯೊಸಲ್ಫೇಟ್ ಇರುವ ಆಂಟಿ-ಕ್ಲೋರಿನ್ ಹನಿ. ಆರ್‌ಓ ನೀರು ಶುದ್ಧವೆಂದು ಅದನ್ನೇ ತುಂಬುವವರಿದ್ದಾರೆ. ಅದರಲ್ಲಿ ಖನಿಜವೇ ಉಳಿದಿರುವುದಿಲ್ಲ, ಪಿಹೆಚ್ಚನ್ನು ಹಿಡಿದಿಡುವ ಶಕ್ತಿಯೂ ಇಲ್ಲ. ಬರಿಯ ಆರ್‌ಓ ನೀರು ಮೀನಿಗೆ ಉಪಕಾರವಲ್ಲ.

ಹಾಗಾಗಿ ಮೀನು ಮಂಕಾಗಿದೆ ಅನ್ನಿಸಿದ ಮೊದಲ ಗಂಟೆಯ ಕೆಲಸ ಇಷ್ಟು: ಆಹಾರ ನಿಲ್ಲಿಸಿ, ಗಾಳಿ ಹೆಚ್ಚಿಸಿ, ನೀರು ಪರೀಕ್ಷಿಸಿ. ಅಮೋನಿಯಾ ಅಥವಾ ನೈಟ್ರೈಟ್ ಕಂಡರೆ, ಕ್ಲೋರಿನ್ ಹೋದ, ಅದೇ ಶಾಖದ, ಅದೇ ಪಿಹೆಚ್ಚಿನ ಆಸುಪಾಸಿನ ನೀರಿನಿಂದ ಮೂರನೇ ಒಂದು ಭಾಗ ಬದಲಾಯಿಸಿ. ಎರಡು ದಿನದಲ್ಲಿ ಮೀನು ಚೇತರಿಸಿಕೊಂಡರೆ ನಿಮಗೆ ಔಷಧವೇ ಬೇಡ. ದೊಡ್ಡ ಮೀನು ಎರಡು ವಾರ ಉಪವಾಸವಿದ್ದರೂ ಸಾಯುವುದಿಲ್ಲ. ಅಮ್ಮ, ಅಜ್ಜಿ ಯಾರಾದರೂ ‘ಪಾಪ, ಏನೂ ತಿಂದಿಲ್ಲ’ ಎಂದು ಒಂದು ಚಿಟಿಕೆ ಹಾಕದಂತೆ ಮಾತ್ರ ನೋಡಿಕೊಳ್ಳಿ. ತಿನ್ನದೆ ಉಳಿದ ಆಹಾರ ಕೊಳೆತರೆ ಮತ್ತೆ ಅಮೋನಿಯಾವೇ.

ನೀರು ಸರಿಯಾಗಿದ್ದೂ ಮೀನು ಸರಿಯಿಲ್ಲದಿದ್ದರೆ

ಆಗ ಕುಳಿತು ನೋಡಬೇಕು. ಹತ್ತು ನಿಮಿಷ, ಕೈಯಲ್ಲಿ ಟಾರ್ಚು. ಫೋನಿನಲ್ಲಿ ವಿಡಿಯೊ ತೆಗೆದು ದೊಡ್ಡದು ಮಾಡಿ ನೋಡಿದರೆ ಕಣ್ಣಿಗೆ ತಪ್ಪಿದ್ದು ಸಿಗುತ್ತದೆ. ಕೆಲವು ಸಂಗತಿ ರೋಗವೇ ಅಲ್ಲ. ಫೈಟರ್, ಗೌರಾಮಿ ಮೀನುಗಳು ಮೇಲೆ ಬಂದು ಗಾಳಿ ಗುಟುಕರಿಸುವುದು ಅವುಗಳ ಹುಟ್ಟುಗುಣ. ಗಂಡು ಗೋಲ್ಡ್‌ಫಿಶ್‌ಗೆ ಬೆದೆ ಬಂದಾಗ ಕಿವಿರಿನ ಮುಚ್ಚಳದ ಮೇಲೂ ಮುಂದಿನ ಈಜುರೆಕ್ಕೆಯ ಅಂಚಿನಲ್ಲೂ ಬಿಳಿ ಕಾಳುಗಳು ಸಾಲಾಗಿ ಮೂಡುತ್ತವೆ. ಅದನ್ನು ಬಿಳಿಚುಕ್ಕೆ ರೋಗವೆಂದು ಗಾಬರಿಯಾಗಿ ಔಷಧ ಸುರಿದವರನ್ನು ಕಂಡಿದ್ದೇನೆ. ಕಾಳುಗಳು ಆ ಎರಡೇ ಜಾಗದಲ್ಲಿ ಅಚ್ಚುಕಟ್ಟಾಗಿದ್ದು, ಮೀನು ಚುರುಕಾಗಿದ್ದರೆ ಸಂತೋಷಪಡಿ.

ನಿಜವಾದ ಬಿಳಿಚುಕ್ಕೆ ಹಾಗಿರುವುದಿಲ್ಲ. ಮೈಮೇಲೆಲ್ಲ, ಈಜುರೆಕ್ಕೆಯ ಮೇಲೆಲ್ಲ ಸಣ್ಣ ರವೆ ಉದುರಿಸಿದಂತೆ ಕಾಣುತ್ತದೆ, ಮೀನು ಕಲ್ಲಿಗೆ ಗಿಡಕ್ಕೆ ಮೈ ಉಜ್ಜುತ್ತದೆ. ಮೀನು ಸಾಕುವವರು ಇದನ್ನು ‘ಇಕ್’ ಅನ್ನುತ್ತಾರೆ. ಇಕ್ತಿಯೋಫ್ತಿರಿಯಸ್ ಎಂಬ ಏಕಕೋಶಜೀವಿ ಇದಕ್ಕೆ ಕಾರಣ. ಇದರ ಬದುಕನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಚಿಕಿತ್ಸೆ ಸೋಲುವುದು ಇದು ಗೊತ್ತಿಲ್ಲದೆ.

ನಮಗೆ ಕಾಣುವ ಚುಕ್ಕೆ, ಮೀನಿನ ಚರ್ಮದ ಪದರದ ಕೆಳಗೆ ಕುಳಿತು ಮೇಯುತ್ತಿರುವ ಪರಾವಲಂಬಿ. ಚರ್ಮವೇ ಅದಕ್ಕೆ ಹೊದಿಕೆ, ಆದ್ದರಿಂದ ನೀರಿಗೆ ಹಾಕಿದ ಔಷಧ ಅದನ್ನು ತಲುಪುವುದಿಲ್ಲ. ಹೊಟ್ಟೆ ತುಂಬಿದ ಮೇಲೆ ಅದು ಕಳಚಿಕೊಂಡು ತಳಕ್ಕೆ ಬಿದ್ದು, ಕಲ್ಲಿಗೋ ಗಿಡಕ್ಕೋ ಅಂಟಿ ತನ್ನ ಸುತ್ತ ಗೋಡೆ ಕಟ್ಟಿಕೊಳ್ಳುತ್ತದೆ. ಆಗಲೂ ಔಷಧ ಒಳಗೆ ಹೋಗದು. ಒಳಗೆ ಅದು ಒಡೆದು ಒಡೆದು ನೂರಾರು, ಕೆಲವೊಮ್ಮೆ ಸಾವಿರದಷ್ಟು ಮರಿಗಳಾಗಿ ಹೊರಗೆ ಈಜಿ ಬರುತ್ತದೆ. ಆ ಮರಿಗಳಿಗೆ ಒಂದೆರಡು ದಿನದೊಳಗೆ ಮೀನು ಸಿಗದಿದ್ದರೆ ಸಾವು. ಔಷಧಕ್ಕೆ ಅವು ಸಿಗುವುದು ಈ ಈಜುವ ಹೊತ್ತಿನಲ್ಲಿ ಮಾತ್ರ.

ಮೂರನೇ ದಿನ ಚುಕ್ಕೆಗಳು ಮಾಯವಾದವು ಎಂದರೆ ರೋಗ ಹೋಯಿತು ಎಂದಲ್ಲ, ತಳಕ್ಕೆ ಇಳಿದು ಮರಿ ಮಾಡುತ್ತಿದೆ ಎಂದು. ಆಗ ಔಷಧ ನಿಲ್ಲಿಸಿದರೆ ವಾರದಲ್ಲಿ ಹತ್ತು ಚುಕ್ಕೆಯ ಜಾಗದಲ್ಲಿ ಇನ್ನೂರು ಬರುತ್ತವೆ. ಕೊನೆಯ ಚುಕ್ಕೆ ಹೋದ ಮೇಲೂ ನಾಲ್ಕೈದು ದಿನ ಮುಂದುವರಿಸಬೇಕು, ಒಟ್ಟು ಹತ್ತರಿಂದ ಹದಿನಾಲ್ಕು ದಿನ. ಇಡೀ ತೊಟ್ಟಿಗೇ ಚಿಕಿತ್ಸೆ ಮಾಡಬೇಕು. ಚುಕ್ಕೆ ಕಂಡ ಒಂದೇ ಮೀನನ್ನು ಬೇರೆ ಮಾಡಿ ಪ್ರಯೋಜನವಿಲ್ಲ, ಮರಿಗಳು ಹಳೆಯ ತೊಟ್ಟಿಯಲ್ಲೇ ಇರುತ್ತವೆ.

ನೀರು ಬೆಚ್ಚಗಾದಷ್ಟೂ ಈ ಚಕ್ರ ಬೇಗ ತಿರುಗುತ್ತದೆ. 25 ಡಿಗ್ರಿಯಲ್ಲಿ ಒಂದು ವಾರದೊಳಗೆ ಮುಗಿಯುವುದು, 10 ಡಿಗ್ರಿಯ ತಣ್ಣೀರಿನಲ್ಲಿ ತಿಂಗಳು ದಾಟುತ್ತದೆ. ಮರಿಗಳು ಬೇಗ ಹೊರಬಂದು ಔಷಧಕ್ಕೆ ಸಿಗಲಿ ಎಂದೇ ಹೀಟರ್ ಹಾಕುವುದು. ಮೊಲ್ಲಿ, ಗಪ್ಪಿ, ಏಂಜೆಲ್‌ನಂಥ ಬಿಸಿಲು ಸೀಮೆಯ ಮೀನುಗಳಿಗೆ ದಿನಕ್ಕೆ ಒಂದೆರಡು ಡಿಗ್ರಿಯಂತೆ 30ರವರೆಗೆ ಏರಿಸಬಹುದು. ಗೋಲ್ಡ್‌ಫಿಶ್‌ಗೆ ನಾನು 28 ದಾಟಿಸುವುದಿಲ್ಲ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ ಹಿಡಿಯುತ್ತದೆ, ಆದ್ದರಿಂದ ಹೀಟರಿನ ಜೊತೆ ಏರ್ ಪಂಪು ಇರಲೇಬೇಕು. ಬೆಂಗಳೂರು, ಮೈಸೂರಿನ ಕಡೆ ಡಿಸೆಂಬರ್-ಜನವರಿಯಲ್ಲಿ ಈ ರೋಗ ಹೆಚ್ಚು ಕಾಣುವುದಕ್ಕೂ ಕಾರಣವಿದೆ. ರಾತ್ರಿ ನೀರು ತಣ್ಣಗಾಗಿ ಹಗಲು ಏರುತ್ತದೆ. ಮೀನಿನ ಮೈಶಾಖ ನೀರಿನದೇ ಆದ್ದರಿಂದ ಅದರ ರೋಗ ತಡೆಯುವ ಶಕ್ತಿಯೂ ನೀರಿನ ಜೊತೆ ಕುಗ್ಗುತ್ತದೆ.

ಉಪ್ಪು ಏಕೆ ಕೆಲಸ ಮಾಡುತ್ತದೆ

ಸಿಹಿನೀರಿನ ಮೀನಿನ ಮೈಯೊಳಗಿನ ದ್ರವ ಲೀಟರಿಗೆ ಎಂಟೊಂಬತ್ತು ಗ್ರಾಂ ಉಪ್ಪು ಕರಗಿದಷ್ಟು ಗಾಢ. ಹೊರಗಿನ ನೀರಿನಲ್ಲಿ ಉಪ್ಪು ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ನೀರು ಸದಾ ಅದರ ಮೈಯೊಳಗೆ ನುಗ್ಗುತ್ತಿರುತ್ತದೆ, ಉಪ್ಪು ಸೋರುತ್ತಿರುತ್ತದೆ. ಮೂತ್ರಪಿಂಡ ಆ ನೀರನ್ನು ಹಗಲೂ ರಾತ್ರಿ ಹೊರಹಾಕುತ್ತಿರಬೇಕು, ಕಿವಿರು ಉಪ್ಪನ್ನು ಹೆಕ್ಕಿ ಒಳಗೆಳೆಯುತ್ತಿರಬೇಕು. ಇದಕ್ಕೆ ಶಕ್ತಿ ಖರ್ಚಾಗುತ್ತದೆ. ಚರ್ಮಕ್ಕೆ ಗಾಯವಾದ ಮೀನಿಗೆ ಈ ಕೆಲಸ ದುಪ್ಪಟ್ಟು. ನೀರಿಗೆ ಸ್ವಲ್ಪ ಉಪ್ಪು ಹಾಕಿದಾಗ ಒಳಗಿನ ಹೊರಗಿನ ವ್ಯತ್ಯಾಸ ಕಡಿಮೆಯಾಗಿ, ಉಳಿದ ಶಕ್ತಿ ಗುಣವಾಗಲು ಒದಗುತ್ತದೆ. ಇಕ್‌ನ ಮರಿಗಳಿಗೂ ಉಪ್ಪು ಸಹಿಸದು. ನೈಟ್ರೈಟ್ ವಿಷವೇರಿದಾಗಲೂ ಉಪ್ಪು ನೆರವಾಗುತ್ತದೆ. ಕಿವಿರಿನಲ್ಲಿ ಕ್ಲೋರೈಡೂ ನೈಟ್ರೈಟೂ ಒಂದೇ ಬಾಗಿಲಿನಿಂದ ಒಳಹೋಗುವುದರಿಂದ, ಕ್ಲೋರೈಡ್ ಹೆಚ್ಚಿದ್ದರೆ ನೈಟ್ರೈಟಿಗೆ ದಾರಿ ಸಿಗುವುದಿಲ್ಲ. ಅದಕ್ಕೆ ಲೀಟರಿಗೆ ಅರ್ಧ ಗ್ರಾಂ ಉಪ್ಪೂ ಸಾಕು.

ಅಡುಗೆಮನೆಯ ಕಲ್ಲುಪ್ಪು ಆಗುತ್ತದೆ. ಕಣ್ಣಂದಾಜು ಮಾತ್ರ ಬೇಡ. ತೊಟ್ಟಿಯ ಉದ್ದ, ಅಗಲ, ನೀರಿನ ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ ಸಾವಿರದಿಂದ ಭಾಗಿಸಿದರೆ ಲೀಟರು. 60, 30, 30 ಅಳತೆಯ ತೊಟ್ಟಿಗೆ 54 ಲೀಟರು, ಕಲ್ಲುಮಣ್ಣು ಕಳೆದರೆ 45 ಎಂದಿಟ್ಟುಕೊಳ್ಳಿ. ಲೀಟರಿಗೆ 2 ಗ್ರಾಂನಂತೆ 90 ಗ್ರಾಂ ಉಪ್ಪು, ಮೂರು ಪಾಲು ಮಾಡಿ, ಬೇರೆ ಪಾತ್ರೆಯಲ್ಲಿ ಕರಗಿಸಿ, ಎಂಟು ಗಂಟೆಗೊಂದರಂತೆ ಹಾಕಿ. ಉಪ್ಪು ಆವಿಯಾಗುವುದಿಲ್ಲ. ನೀರು ಬತ್ತಿದಾಗ ಬರೀ ನೀರು ತುಂಬಿ, ಬದಲಾಯಿಸಿದಾಗ ತೆಗೆದ ನೀರಿನ ಲೆಕ್ಕಕ್ಕಷ್ಟೇ ಉಪ್ಪು ಸೇರಿಸಿ. ಗಿಡಗಳಿಗೆ ಇದು ಆಗಿಬರುವುದಿಲ್ಲ. ಕೋರಿಡೊರಾಸ್‌ನಂಥ ಕ್ಯಾಟ್‌ಫಿಶ್‌ಗಳಿಗೆ ಅರ್ಧದಿಂದ ಶುರು ಮಾಡಿ. ವಾಸಿಯಾದ ಮೇಲೂ ಸದಾ ಉಪ್ಪು ಇರಲಿ ಎಂಬ ಅಭ್ಯಾಸ ನನಗೆ ಒಪ್ಪಿಗೆಯಿಲ್ಲ.

ಉಪ್ಪು, ಶಾಖ ಎರಡರಿಂದಲೂ ಬಗ್ಗದ ಇಕ್‌ಗೆ ಮ್ಯಾಲಕೈಟ್ ಗ್ರೀನ್ ಇರುವ ಔಷಧಗಳಿವೆ. ತಿನ್ನುವ ಮೀನಿಗೆ ಇದನ್ನು ಬಳಸುವಂತಿಲ್ಲ, ಮನುಷ್ಯರಿಗೂ ಒಳ್ಳೆಯದಲ್ಲ. ಕೈಗವಸು ಹಾಕಿಕೊಳ್ಳಿ. ಔಷಧ ಹಾಕುವ ಮುನ್ನ ಫಿಲ್ಟರಿನ ಇದ್ದಿಲನ್ನು ತೆಗೆಯದಿದ್ದರೆ ಅದು ಔಷಧವನ್ನೇ ಹೀರಿಬಿಡುತ್ತದೆ. ನನ್ನ ಕೈಗೆ ಬಂದಂಥ ನೀಲಿ ಶೀಶೆಯಲ್ಲಿ ಸಾಮಾನ್ಯವಾಗಿ ಇರುವುದು ಮೆಥಿಲೀನ್ ಬ್ಲೂ. ಪ್ರತ್ಯೇಕ ಬಕೆಟ್ಟಿನಲ್ಲಿ ಬಳಸಲು ಅದು ಒಳ್ಳೆಯ ಔಷಧ. ತೊಟ್ಟಿಗೇ ಸುರಿದರೆ ಫಿಲ್ಟರಿನ ಬ್ಯಾಕ್ಟೀರಿಯಾಗಳಿಗೆ ಪೆಟ್ಟು. ತಾಮ್ರವಿರುವ ಔಷಧ ಬಸವನಹುಳು, ಸಿಗಡಿಗಳನ್ನು ಕೊಲ್ಲುತ್ತದೆ.

ಹತ್ತಿಯಂಥ ಬಿಳುಪು ಕಂಡಾಗ ಹೀಟರ್ ಏರಿಸುವ ಮುಂಚೆ ಒಂದು ಕ್ಷಣ ನಿಲ್ಲಿ. ಹಳೆಯ ಗಾಯದ ಮೇಲೆ ನಿಜವಾದ ಹತ್ತಿಯ ಎಳೆಗಳಂತೆ ಬೆಳೆದಿದ್ದರೆ ಅದು ಬೂಷ್ಟು. ಬಾಯಿಯ ಸುತ್ತ, ಬೆನ್ನಿನ ಮೇಲೆ ತಡಿ ಹೊದಿಸಿದಂತೆ ಬೂದುಬಿಳಿ ಪಟ್ಟೆಯಾಗಿದ್ದು, ಒಂದೆರಡು ದಿನದಲ್ಲಿ ಹರಡುತ್ತಿದ್ದರೆ ಕಾಲಮ್ನಾರಿಸ್ ಎಂಬ ಬ್ಯಾಕ್ಟೀರಿಯಾ ಇರಬಹುದು. ಅದು ಬಿಸಿ ನೀರಿನಲ್ಲಿ ಇನ್ನೂ ಬೇಗ ಹಬ್ಬುತ್ತದೆ. ಇಕ್‌ಗೆ ಮದ್ದಾದ ಶಾಖ ಇಲ್ಲಿ ಮೀನನ್ನು ಕೊಲ್ಲುತ್ತದೆ. ಈಜುರೆಕ್ಕೆಯ ಅಂಚು ಹರಿದು ಬಿಳಿಯಾಗುವ ಕೊಳೆರೋಗ ಶುರುವಿನಲ್ಲಿದ್ದರೆ ಬರೀ ಒಳ್ಳೆಯ ನೀರಿಗೇ ವಾಸಿಯಾಗುವುದನ್ನು ಮತ್ತೆ ಮತ್ತೆ ನೋಡಿದ್ದೇನೆ.

ಮೆಡಿಕಲ್ ಶಾಪಿನ ಟೆಟ್ರಾಸೈಕ್ಲಿನ್ ಕ್ಯಾಪ್ಸೂಲ್ ಒಡೆದು ತೊಟ್ಟಿಗೆ ಹಾಕುವುದು ನಮ್ಮಲ್ಲಿ ಬಹಳ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಅದನ್ನು ಕಟ್ಟಿಹಾಕಿ ಬಹುಪಾಲು ನಿಷ್ಪ್ರಯೋಜಕ ಮಾಡುತ್ತವೆ. ಉಳಿದ ಅಲ್ಪಸ್ವಲ್ಪಕ್ಕೆ ಒಳ್ಳೆಯ ಬ್ಯಾಕ್ಟೀರಿಯಾಗಳು ಹಾಳಾಗುತ್ತವೆ, ಕೆಟ್ಟವು ಔಷಧಕ್ಕೆ ಬಗ್ಗದಂತಾಗುತ್ತವೆ. ಆಮೇಲೆ ಆ ನೀರು ಚರಂಡಿಗೆ. ಬ್ಯಾಕ್ಟೀರಿಯಾದ ಸೋಂಕು ಎಂಬ ಅನುಮಾನ ಗಟ್ಟಿಯಾಗಿದ್ದರೆ ಮೀನು ಬಲ್ಲ ಪಶುವೈದ್ಯರನ್ನು ಕೇಳಿ. 1969ರಲ್ಲಿ ಶುರುವಾದ ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ ಜಲಚರಗಳ ಆರೋಗ್ಯಕ್ಕೆಂದೇ ಒಂದು ವಿಭಾಗವಿದೆ.

ಹೊಟ್ಟೆ ಊದಿ, ಹುರುಪೆಗಳು ಅನಾನಸಿನ ಹೊರಮೈಯಂತೆ ಎದ್ದು ನಿಂತರೆ ಅದು ಡ್ರಾಪ್ಸಿ. ಒಳಗೆ ನುಗ್ಗುವ ನೀರನ್ನು ಹೊರಹಾಕಲಾಗದೆ ಮೂತ್ರಪಿಂಡ ಸೋತಿದೆ ಎಂಬುದರ ಗುರುತು. ಉಳಿಯುವುದು ಅಪರೂಪ. ಗುಂಡು ಹೊಟ್ಟೆಯ ಗೋಲ್ಡ್‌ಫಿಶ್ ತಲೆಕೆಳಗಾಗಿ ತೇಲುತ್ತಿದ್ದರೆ ಅಷ್ಟು ಹೆದರಬೇಡಿ. ಮೂರು ದಿನ ಉಪವಾಸ, ಆಮೇಲೆ ಬೇಯಿಸಿ ಸಿಪ್ಪೆ ತೆಗೆದ ಬಟಾಣಿಯ ಒಂದು ಚೂರು. ಮಲಬದ್ಧತೆಯಾಗಿದ್ದರೆ ಇಷ್ಟಕ್ಕೇ ನೆಟ್ಟಗಾಗುತ್ತದೆ.

ಕೈಯ ಬಗ್ಗೆಯೂ ಒಂದು ಮಾತು. ಮೀನಿಗೆ ಕ್ಷಯದಂಥ ರೋಗ ತರುವ ಮೈಕೊಬ್ಯಾಕ್ಟೀರಿಯಂ ಮರೈನಂ ನಮ್ಮ ಕೈಯ ಗಾಯದೊಳಗೂ ಸೇರಿ ವಾರಗಟ್ಟಲೆ ವಾಸಿಯಾಗದ ಗಂಟು ಮಾಡಬಲ್ಲದು. ಗಾಯವಿದ್ದರೆ ತೊಟ್ಟಿಗೆ ಕೈ ಹಾಕಬೇಡಿ, ಪೈಪನ್ನು ಬಾಯಲ್ಲಿ ಎಳೆದು ನೀರು ತೆಗೆಯಬೇಡಿ. ಅಂಥ ಗಂಟು ಕಂಡರೆ ಮನೆಯಲ್ಲಿ ಅಕ್ವೇರಿಯಂ ಇದೆ ಎಂದು ವೈದ್ಯರಿಗೆ ತಪ್ಪದೆ ಹೇಳಿ.

ಎಲ್ಲ ಮಾಡಿಯೂ ಉಳಿಯದ ಮೀನು ದಿನಗಟ್ಟಲೆ ನರಳುವುದನ್ನು ನೋಡುತ್ತಾ ಕೂರುವುದು ಕಷ್ಟ. ಹಲ್ಲುನೋವಿಗೆ ತರುವ ಲವಂಗದ ಎಣ್ಣೆ ಮೀನಿಗೆ ಅರಿವಳಿಕೆ. ಒಂದು ಲೀಟರ್ ತೊಟ್ಟಿಯ ನೀರಿಗೆ, ಸಣ್ಣ ಬಾಟಲಿಯಲ್ಲಿ ಚೆನ್ನಾಗಿ ಕುಲುಕಿದ ನಾಲ್ಕೈದು ಹನಿ ಹಾಕಿದರೆ ಮೀನು ನಿಧಾನವಾಗಿ ನಿದ್ದೆಗೆ ಜಾರುತ್ತದೆ. ಅಲುಗಾಟ ನಿಂತ ಮೇಲೆ ಇನ್ನಿಪ್ಪತ್ತು ಹನಿ. ಕಿವಿರಿನ ಬಡಿತ ನಿಂತ ನಂತರವೂ ಅರ್ಧ ಗಂಟೆಗಿಂತ ಹೆಚ್ಚು ಹಾಗೇ ಬಿಡಿ. ಕೆರೆಗೆ ಬಿಟ್ಟು ಬರುವುದು ಕರುಣೆಯಲ್ಲ. ರೋಗವೂ, ಹೊರನಾಡಿನ ಮೀನೂ ನಮ್ಮ ಕೆರೆಗಳಿಗೆ ಸೇರುವುದು ಹಾಗೆಯೇ.

ಈಗ ನನ್ನ ಮನೆಯಲ್ಲಿ ಬಚ್ಚಲಿನ ಪಕ್ಕ 20 ಲೀಟರಿನ ಒಂದು ಟಬ್ ಇದೆ, ಬರೀ ತಳ, ಕಲ್ಲಿಲ್ಲ, ಗಿಡವಿಲ್ಲ, ಮೇಲೊಂದು ಮುಚ್ಚಳ. ಅದಕ್ಕೆಂದೇ ಒಂದು ಸ್ಪಂಜ್ ಫಿಲ್ಟರನ್ನು ದೊಡ್ಡ ತೊಟ್ಟಿಯ ಮೂಲೆಯಲ್ಲಿ ಸದಾ ಓಡಿಸುತ್ತಿರುತ್ತೇನೆ, ಬೇಕಾದ ದಿನ ಬ್ಯಾಕ್ಟೀರಿಯಾ ಸಮೇತ ಟಬ್ಬಿಗೆ ವರ್ಗ. ಟಬ್ಬಿನ ಬಲೆಯೂ ಪೈಪೂ ಬೇರೆ. ಅಂಗಡಿಯಿಂದ ತಂದ ಯಾವ ಮೀನೂ ಅಲ್ಲಿ ನಾಲ್ಕು ವಾರ ಕಳೆಯದೆ ಒಳಗೆ ಬರುವುದಿಲ್ಲ. ಅದರ ಜೊತೆ ಬಂದ ಪ್ಲಾಸ್ಟಿಕ್ ಚೀಲದ ನೀರು ನೇರ ಬಚ್ಚಲಿಗೆ. ಕಳೆದ ತಿಂಗಳು ತಂದ ಆರು ಮೊಲ್ಲಿಗಳಲ್ಲಿ ಒಂದರ ಬಾಲದ ಮೇಲೆ ಒಂಬತ್ತನೇ ದಿನ ರವೆಯಷ್ಟು ಬಿಳಿಚುಕ್ಕೆ ಕಂಡಿತು. 40 ಗ್ರಾಂ ಕಲ್ಲುಪ್ಪು, 30 ಡಿಗ್ರಿ, ಹದಿನಾಲ್ಕು ದಿನ. ಆರೂ ಉಳಿದಿವೆ.